ಬಸರಿ ಗಿಡದ ಗೂಡು ಯಾರದು?

ಬಸ್ಸಿನ್ಯಾಗ ಕಿಡಕಿ ಬಾಜೂಕ ಸೀಟ ಸಿಕ್ಕರ ನನ್ನ ಕುತಿಗಿ ತಾನಾಗೇ ಮ್ಯಾಲಕ ಏಳತೈತಿ. ಬಾಕಿ ಮಂದಿ ಹೊಲಾ ನೋಡತಾರ, ಬೆಳಿ ನೋಡತಾರ, ಯಾರ ಮನಿ ಮುಂದ ಯಾವ ಗಾಡಿ ನಿಂತೈತಿ ನೋಡತಾರ. ನಾ ಗಿಡದ ನೆತ್ತಿ ನೋಡತೇನಿ. ಜಮಖಂಡಿಯಿಂದ ಮುಧೋಳಕ್ಕ ಹೋಗೂ ಹಾದ್ಯಾಗ ಯಾವ ಗಿಡದ ಮ್ಯಾಲೆ ಯಾವ ಗೂಡು ಐತಿ ಅಂತ ಕೇಳ್ರಿ, ಕಣ್ಣ ಮುಚಗೊಂಡು ಹೇಳತೇನಿ. ಒಮ್ಮೆ ಕಂಡಕ್ಟರ್ ಹುಡುಗ ಎದರಿಗೆ ನಿಂತು, "ಆಯಿ, ಮ್ಯಾಲೇನ್ ನೋಡಾಕತ್ತೀರಿ? ಟಿಕೀಟ ಕೊಡಾವ ಇಲ್ಲಿ ನಿಂತೇನಿ" ಅಂದ. "ತಡಿಯೋ ತಮ್ಮಾ, ಒಬ್ಬರ ಮನಿ ನೋಡಾಕತ್ತೇನಿ" ಅಂದೆ. ಮುದುಕಿಗೆ ಬಿಸಲು ನೆತ್ತಿಗೇರೈತಿ ಅಂತ ತಿಳದು ಹಿಂದಿನ ಸೀಟಿಗೆ ಹೋದ. ಅವನದೇನೂ ತಪ್ಪಿಲ್ಲ ಬಿಡ್ರಿ.

ದೊಡ್ಡ ಗೂಡು ಗುರುತು ಹಿಡಿಯೂದು ಅಂದ್ರ ಬೀಗರ ಮನಿ ಪರೀಕ್ಷಾ ಮಾಡಿದಂಗ. ಒಳಗ ಹೋಗೂದ ಬ್ಯಾಡ, ಹೊರಗ ನಿಂತು ನೋಡಿದ್ರ ಸಾಕು, ಇರೂ ಮಂದಿ ಎಂಥಾವರಂತ ತಿಳೀತೈತಿ. ಹೊಳಿ ದಂಡಿ ಮ್ಯಾಲೆ ಒಂದ ಗಿಡದಾಗ ಹತ್ತಾರು ಗೂಡು, ಒಂದಕ್ಕೊಂದು ತಾಗಿ, ಮುಂಜಾನಿಂದ ಸಂಜಿ ತನಕ ಜಗಳ ಕೇಳಿತಂದ್ರ ಅವರು ಕೊಕ್ಕರಿ ಮಂದಿ, ಕೂಡು ಕುಟುಂಬ. ಗರುಡನದು ಒಂಟಿ ಮನಿ. ನೀರು ಕಾಣಬೇಕು, ಕಡ್ಡಿ ಅಚ್ಚುಕಟ್ಟ ಇರಬೇಕು, ದೊಡ್ಡಸ್ತನ ಬಾಳ. ರಣಹದ್ದಿಂದು ಗೂಡಿಗಿಂತ ಮೊದಲ ನಾತ ಸಿಗತೈತಿ. ಇನ್ನ ಉಳದಾಂವ ನಮ್ಮ ಊರ ಹದ್ದು. ಇವನ ಗೂಡು ಅಂದ್ರ ಸಂತಿ ಎದ್ದ ಮ್ಯಾಲಿನ ಬೈಲು. ಕಡ್ಡಿ, ಚಿಂದಿ ಅರಬಿ, ಕುರಿ ತುಪ್ಪಟ, ಹಗ್ಗದ ತುಂಡು, ಏನ್ ಕೇಳತೀರಿ, ಎಲ್ಲಾ ಕಳವಿನ ಮಾಲು.

ಇಷ್ಟ ಶ್ಯಾಣ್ಯಾತನ ಈ ಮುದುಕಿಗೆ ಎಲ್ಲಿಂದ ಬಂತು ಅಂದೀರಿ. ಸಾಲಿ ಕಲತಾಕಿ ನಾನಲ್ಲ. ನನ್ನ ಲಗ್ನ ಒಂದು ಗೂಡಿನ ಮ್ಯಾಲೆ ನಿಂತಿತ್ತು, ಹಂಗಾಗಿ ಕಲೀಬೇಕಾತು.

ಆಗ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿತ್ತು. ಮುಂಬೈ ಯಾವ ದಿಕ್ಕಿಗೈತಿ ಅಂತ ನಮ್ಮೂರಾಗ ಬಾಳ ಮಂದಿಗೆ ಗೊತ್ತಿರಲಿಲ್ಲ, ಆದ್ರ ಮಳಿ ಕಡಿಮಿ ಆದ್ರೂ ಹೆಚ್ಚಾದ್ರೂ ಮುಂಬೈಗೇ ಬೈತಿದ್ವಿ. ತೇರದಾಳದ ಆಚೆ, ಕೃಷ್ಣಾ ಹೊಳಿ ದಂಡಿಗೆ ನಮ್ಮ ಊರು. ನಮ್ಮವರು ಬೀರಪ್ಪನ ಒಕ್ಕಲು. ಅಜ್ಜನ ಕಾಲಕ್ಕ ಕುರಿ ಹಿಂಡು ಇತ್ತಂತ. ಅಪ್ಪನ ಕಾಲಕ್ಕ ಕುರಿ ಹೋಗಿ ಹೊಲ ಉಳದಿತ್ತು. ಹೊಲದ ಕೊನಿಗೆ, ಹೊಳಿಗೆ ಬಾಗಿ ನಿಂತ ಒಂದು ಬಸರಿ ಗಿಡ. ಅದರ ನೆಳ್ಳು ಮುಂಜಾನಿ ನಮ್ಮ ಮನಿ ಹಿತ್ತಲ ತನಕ ಬರತಿತ್ತು.

ದೀಪಾವಳಿ ಆದ ಮ್ಯಾಲೆ ಅನಗವಾಡಿಯಿಂದ ನನ್ನ ನೋಡಾಕ ಬಂದ್ರು. ಹುಡುಗಗ ಅಪ್ಪ ಇರಲಿಲ್ಲ, ಸ್ವಾದರ ಮಾವ ಬಾಳಪ್ಪನೇ ಜೋಪಾನ ಮಾಡಿ ದೊಡ್ಡಾಂವನ್ನ ಮಾಡಿದ್ದ. ಹುಡುಗನ ಹೆಸರು ಮಾತ್ರ ಕೇಳಬ್ಯಾಡ್ರಿ, ಹೇಳೂದಿಲ್ಲ. ಅನಗವಾಡಿ ಹುಡುಗ ಅನ್ನೂಣು, ಸಾಕು.

ಎಲ್ಲಾ ಛಲೋ ನಡದಿತ್ತು. ನಾ ತಲಿ ಬಗ್ಗಿಸಿ ಕೂತೆ, ಕೇಳಿದ್ದಕ್ಕ ಹೂಂ ಅಂದೆ. ಅವ್ವ ಸಕ್ರಿ ತಾಟು ತುಂಬಿ ಇಟ್ಟಿದ್ಲು. ಸಕ್ರಿ ಅಂದ್ರ ಸುಮ್ನ ಅಲ್ಲ, ರೇಶನ್ನಿನ ಕಾಲ. ಎರಡೂ ಕಡೆಯವರು ಒಂದೊಂದು ಚಿಮಟಿ ಬಾಯಿಗೆ ಹಾಕ್ಕೊಂಡ್ರ ಮಾತು ಗಟ್ಟಿ ಆದಂಗ. ಅದಕ್ಕಿಂತ ಮೊದಲ ಬಾಳಪ್ಪ, "ಒಂದೀಟು ಹೊಲಾ ನೋಡಿ ಬರೂಣಲ್ಲ" ಅಂದ. ಹೋಗಿ ಬಂದ. ಬಂದಾವ ತಾಟಿಗೆ ಕೈ ಹಚ್ಚಲಿಲ್ಲ.

"ಆ ಬಸರಿ ಗಿಡದಾಗ ಅಷ್ಟ ದೊಡ್ಡ ಗೂಡೈತಲ್ಲ, ಯಾರದ್ರೀ ಅದು?"

ಅಪ್ಪ ನಕ್ಕ. "ಯಾವುದೋ ಹಕ್ಕೀದು."

"ಯಾವುದೋ ಅಂದ್ರ ನಡಿಯೂದಿಲ್ಲ," ಅಂದ ಬಾಳಪ್ಪ. ಅವರ ಮನಿತನದಾಗ ಹಿಂದ ಒಮ್ಮೆ ಮನಿ ಮಾಳಗಿ ಮ್ಯಾಲೆ ರಣಹದ್ದು ಕೂತಿತ್ತಂತ. ಹಿರೇರು ಮನಿ ಬಾಗಲಿಗೆ ಮುಳ್ಳ ಬಡದು, ಮಕ್ಕಳು ಮರಿ ಕಟಗೊಂಡು ಹೊಲದಾಗಿನ ಗುಡಸಲದಾಗ ಇದ್ರಂತ. ಶಾಂತಿ ಮಾಡಿಸಿದ ಮ್ಯಾಲೇ ಮನಿ ಹೊಕ್ಕದ್ದು. "ರಣಹದ್ದಿನ ನೆಳ್ಳಾಗಿನ ಹೆಣ್ಣು ನಮ್ಮ ಮನಿಗೆ ಬ್ಯಾಡ. ಗರುಡ ಇದ್ರ ಬಂಗಾರ. ಅಮಾಸಿಗೆ ಬರತೇನಿ, ಅಷ್ಟರಾಗ ಯಾರದಂತ ನೋಡಿ ಇಡ್ರಿ. ಬೀರಪ್ಪನ ಆಣಿ, ಅಲ್ಲೀ ತನಕ ಸಕ್ರಿ ತಿನ್ನೂದಿಲ್ಲ."

ಅವ್ವ ತಾಟಿನ ಸಕ್ರಿ ತಿರಗಿ ಡಬ್ಬಿಗೆ ಸುರವಿದ್ಲು. ಅದನ್ನ ಕಂಡು ನನಗ ಅಳು ಬಂತು.

ಯಾಕ ಬಂತಂದ್ರ, ಆ ಹುಡುಗ ನನ್ನ ಮನಸಿನ್ಯಾಗಿದ್ದ. ಮತ್ತ ಆ ಗೂಡು ಯಾರದಂತ ಊರಾಗೆಲ್ಲ ಗೊತ್ತಿದ್ದಾಕಿ ನಾ ಒಬ್ಬಾಕಿನ. ಹೇಳಾಕ ಮಾತ್ರ ಬರೂವಂಗಿರಲಿಲ್ಲ.

ಅದನ್ನ ಈಗ ನಿಮಗ ಹೇಳತೇನಿ, ನಗಬ್ಯಾಡ್ರಿ. ಹಿಂದಿನ ಬ್ಯಾಸಿಗ್ಯಾಗ ನಮ್ಮ ಖಾಲಿ ಹೊಲದಾಗ ಗೊಬ್ಬರಕ್ಕಂತ ಕುರಿ ಕೂಡ್ರಿಸಿದ್ರು. ಹಿಂಡಿನ ಜೋಡಿ ಬಂದಾವರಿಗೆ ರೊಟ್ಟಿ ಅಂಬಲಿ ಹೊಲದ ಮಾಲಕರ ಮನಿಯಿಂದ ಹೋಗಬೇಕು, ಅದು ಪದ್ಧತಿ. ಒಯ್ಯಾಕಿ ನಾನು. ಒಂದಿನ ಮಧ್ಯಾಹ್ನ ರೊಟ್ಟಿ ಬುಟ್ಟಿ ಇಟ್ಟು, ಕೊಡಾ ತಗೊಂಡು ಹೊಳಿಗೆ ಇಳದೆ. ಹಿಂಡಿನವರ ಪೈಕಿ ಒಬ್ಬ ಹುಡುಗ ನಡಾ ಮಟ ನೀರಾಗ ನಿಂತು ಜಳಕಾ ಮಾಡಾಕತ್ತಿದ್ದ. ಅವನ ಕೆಂಪು ರುಮಾಲು ಕಲ್ಲಿನ ಮ್ಯಾಲೆ ಇತ್ತು. ಮಾಂಸ ಅಂತ ತಿಳೀತೋ ಏನೋ, ಮ್ಯಾಲಿಂದ ಒಂದು ಹದ್ದು ಸೊಯ್ಯಂತ ಬಂದು ಅದನ್ನ ಎತಗೊಂಡು ಹೋತು. ರುಮಾಲು ಬಿಚ್ಚಿ, ಹದ್ದಿನ ಹಿಂದ ಉದ್ದಕ ಹಾರಕೋತ ಹೋಗಿ ಬಸರಿ ಗಿಡದ ಆ ಗೂಡಿನ್ಯಾಗ ಇಳೀತು.

ಹುಡುಗ "ಏ, ಏ!" ಅನಕೋತ ದಂಡಿಗೆ ಓಡಿ ಬಂದಾವ ನನ್ನ ಕಂಡ. ಮೈ ಮ್ಯಾಲೆ ಲಂಗೋಟಿ, ತಲಿ ಬರಿದು. ನಮ್ಮ ಮಂದ್ಯಾಗ ಬರಿದಲಿಲೆ ಹೆಣ್ಣಮಕ್ಕಳ ಮುಂದ ನಿಲ್ಲೂದಂದ್ರ ಸಾಯೂದೇ ಲೇಸು. ಹಂಗ ಹಿಂದ ಸರದು ಗದ್ದದ ಮಟ ನೀರಾಗ ಕೂತ. "ಆ ಕಡೆ ನೋಡಬೇ ಯವ್ವಾ" ಅಂದ.

ನೋಡಬೇಕಾಗಿತ್ತು. ನೋಡಾಕ ನಗಿ ಬಿಡಬೇಕಲ್ಲ! ಕೊಡಾ ಕೆಳಗಿಟ್ಟು ನಕ್ಕೆ, ಹೊಟ್ಟಿ ಹಿಡಕೊಂಡು ನಕ್ಕೆ. "ಹದ್ದಿಗೆ ಲಗ್ನದ ಆಹೇರಿ ಮಾಡಿದ್ಯೇನಪಾ?" ಅಂತ ಕೇಳಿದೆ. ನೀರಾಗಿನ ತಲೀನೂ ನಕ್ಕಿತು. ಇಷ್ಟ ನಮ್ಮ ಮಾತು. ಮರುದಿನ ಹಿಂಡು ಮುಂದಿನ ಊರಿಗೆ ಹೋತು. ಹುಡುಗ ಮನಿಗೆ ಹೋಗಿ, ತೇರದಾಳದ ಆಚೆ ಹೊಲದ ಮಣ್ಣು ಬಾಳ ಛಲೋ ಐತಿ ಅಂತ ದಿನಾ ಹೇಳಾಕ ಸುರು ಮಾಡಿದನಂತ. ಮಣ್ಣು ಹೊಗಳಿ ಹೊಗಳಿ ಮಾವನ್ನ ನಮ್ಮ ಮನಿ ತನಕ ಕರಕೊಂಡು ಬಂದ.

ಈಗ ನೀವ ಹೇಳ್ರಿ. "ಅದು ಹದ್ದಿನ ಗೂಡು, ನಾ ಕಣ್ಣಾರೆ ಕಂಡೇನಿ" ಅಂದ್ರ, ಯಾವಾಗ ಕಂಡಿ ಅಂತಾರ. ಜಳಕಾ ಮಾಡೂ ಗಂಡಸನ್ನ ನೋಡಿ ಹೊಟ್ಟಿ ಹಿಡಕೊಂಡು ನಕ್ಕ ಹುಡುಗೀನ ಯಾರು ತಗೊಂತಾರ? ಬಾಯಿ ತಗದ್ರ ಲಗ್ನ ಕೆಡತೈತಿ, ಮುಚ್ಚಿದ್ರೂ ಕೆಡತೈತಿ. ನಾ ಬಾಯಿ ಮುಚಗೊಂಡು ಬಸರಿ ಗಿಡ ನೋಡಕೋತ ಕೂತೆ.

ಊರಿಗೆ ಊರೇ ನೋಡಾಕ ಹತ್ತಿತು. ಸಾಲಿ ಮಾಸ್ತರು ಬಂದು, ಕೈ ಹಿಂದ ಕಟ್ಟಿ, ಗಿಡಕ್ಕ ಒಂದು ಸುತ್ತ ಹಾಕಿ, "ಕೊಕ್ಕರಿ" ಅಂದ್ರು. ಕೊಕ್ಕರಿ ಒಂಟಿ ಇರೂದಿಲ್ಲಲ್ರಿ ಅಂದ್ರ, "ಇದು ಜಗಳಾಡಿ ಬ್ಯಾರೆ ಆಗಿರಬೇಕು" ಅಂದ್ರು. ಮುಧೋಳದಾಗಿದ್ದ ನಮ್ಮ ಕಾಕಾ ತನ್ನ ಬೇಟಿ ನಾಯಿ ಕರಕೊಂಡು ಬಂದ. ಗಿಡದ ಬುಡಾ ಮೂಸಿ ಹಕ್ಕಿ ಯಾವುದಂತ ಹೇಳತೈತಂತ ಅವನ ಜಂಬ. ಮುಧೋಳ ನಾಯಿ ಕಣ್ಣಿನ ನಾಯಿ, ಮೂಗಿನ ನಾಯಿ ಅಲ್ಲ. ಅದಕ್ಕ ಹೊಲದ ಆ ಕಡೆ ಒಂದು ಮೊಲ ಕಂಡಿತು. ಸಂಜಿ ತನಕ ನಾಯಿ ಹಿಂದ ಕಾಕಾ, ಕಾಕಾನ ಹಿಂದ ಊರ ಹುಡುಗರು. ಗೂಡು ಎಲ್ಲಿತ್ತೋ ಅಲ್ಲೇ.

ಗೂಡಿನವರು ಮನ್ಯಾಗ ಇದ್ದಿದ್ರ ಇಷ್ಟ ಪಜೀತಿ ಇರತಿರಲಿಲ್ಲ. ಅವರಿನ್ನೂ ಬಂದಿರಲಿಲ್ಲ, ದಿನಮಾನ ತಂಪಾದ ಮ್ಯಾಲೆ ಬಂದು ಹಳೇ ಗೂಡಿಗೇ ನಾಕು ಕಡ್ಡಿ ಸೇರಿಸಿ ಸಂಸಾರ ಹೂಡತಾರ. ಅಲ್ಲೀ ತನಕ ಗಿಡದಾಗ ಬಂದ ಬಂದವರೆಲ್ಲ ಕೂಡತಿದ್ರು. ಕಾಗಿ ಕೂತರ ಅವ್ವನ ಮಾರಿ ಸಣ್ಣದಾಗತಿತ್ತು. ಒಂದಿನ ದೂರದ ಟೊಂಗಿ ಮ್ಯಾಲೆ ಗರುಡ ಬಂದು ಕೂತ. ಅಪ್ಪ ಗಲ್ಲ ಗಲ್ಲ ಬಡಕೊಂಡು ಕೈ ಮುಗದು, ಮಂದಿ ಕರಿಯಾಕ ಓಡಿದ. ಮಂದಿ ಬರೂದ್ರಾಗ ಗರುಡ ಮೀನ ಹಿಡಿಯಾಕ ಹೋಗಿತ್ತು. ಇನ್ನೊಂದಿನ ಹೊಳಿ ದಂಡಿಗೆ ಯಾರದೋ ಎಮ್ಮಿ ಸತ್ತು, ರಣಹದ್ದು ಇಳದುವು. ಒಂದು ತಿಂದು ಸಾಕಾಗಿ ನಮ್ಮ ಗಿಡಕ್ಕ ಬಂದು ಕೂತಿತು. ಅಪ್ಪ ಕವಣಿ ತಗೊಂಡು ಓಡಿದ್ದು ಈಗೂ ನನ್ನ ಕಣ್ಣ ಮುಂದೈತಿ. ಅವತ್ತಿಂದ ಕವಣಿ ಕೈಯಾಗ ಹಿಡದು ಗಿಡದ ಬುಡಕ್ಕೇ ಕೂತ. ಗರುಡ ಒಬ್ಬಗ ಬಿಟ್ಟು ಬಾಕಿ ಯಾರಿಗೂ ಪರವಾನಿಗಿ ಇಲ್ಲ.

ಆಯಿ, ಅಂದ್ರ ಅಪ್ಪನ ತಾಯಿ, ಕಟ್ಟಿ ಮ್ಯಾಲೆ ಕೂತು ಎಲ್ಲಾ ನೋಡತಿದ್ಲು. "ಅಲ್ಲಲೇ, ಹಕ್ಕಿ ಬಂದು ಗಿಡದ ಮ್ಯಾಲೆ ಕೂಡಲಿಲ್ಲಂದ್ರ ನಿನ್ನ ತಲಿ ಮ್ಯಾಲೆ ಕೂಡಬೇಕೇನು?" ಅಂತ ಅಪ್ಪಗ ಬೈದ್ಲು. ಆಮ್ಯಾಲೆ ನನ್ನ ಕಡೆ ಹೊಳ್ಳಿ, "ನೀ ಯಾಕ ಊಟಾ ಬಿಟ್ಟಿ? ಹಕ್ಕಿ ಸಂಬಂಧ ನಿನಗೇನು ದುಃಖ?" ಅಂದ್ಲು. ಏನೂ ಇಲ್ಲ ಅಂದೆ. ಆಯಿ ನನ್ನ ಮಾರಿ ನೋಡಿದ್ಲು, ಗಿಡ ನೋಡಿದ್ಲು, ಎಲಿ ಅಡಿಕಿ ಬಾಯಾಗ ಹಾಕ್ಕೊಂಡ್ಲು.

ಅಮಾಸಿ ಬಂತು. ಬಾಳಪ್ಪನೂ ಬಂದ. ಅವನ ಹಿಂದ ಹುಡುಗ, ಮಡಿ ಧೋತರ ಉಟ್ಟು, ತಲಿಗೆ ಬೆಳ್ಳನ್ನ ಹೊಸಾ ರುಮಾಲು ಸುತ್ತಿ ಬಂದಿದ್ದ. ಮಾಸ್ತರು ಕೊಕ್ಕರಿ ಅಂದ್ರು, ಅಪ್ಪ ಗರುಡ ಅಂದ. ಬಾಳಪ್ಪ ಗಿಡದ ಬುಡದಾಗಿನ ಬೆಳ್ಳನ್ನ ಹಿಕ್ಕಿ ತೋರಿಸಿ, "ನನಗಂತೂ ರಣಹದ್ದಿಂದ ಅನಸತೈತಿ" ಅಂದ. ಕಡೀಕ, "ಯಾರ ಮಾತೂ ಬ್ಯಾಡ. ನನ್ನ ಅಳ್ಯಾ ಹತ್ತಿ ನೋಡಲಿ. ಕುರಿಗೆ ತೊಪ್ಪಲ ಕಡಿಯಾಕ ದಿನಾ ಗಿಡಾ ಹತ್ತಾವ, ಕಂಡದ್ದ ಕಂಡಂಗ ಹೇಳತಾನ" ಅಂದ.

ನಾ ಹಿತ್ತಲ ಗ್ವಾಡಿ ಹಿಡದು ನಿಂತಿದ್ದೆ. ಹುಡುಗ ಹತ್ತೂಮುಂದ ಒಮ್ಮೆ ನನ್ನ ಕಡೆ ನೋಡಿದ. ಮ್ಯಾಲೆ ಏನು ಸಿಗತೈತಿ ಅಂತ ಅವಗೂ ಗೊತ್ತಿತ್ತು.

"ಮಾವಾ, ಎಲುಬು ಅದಾವು!" ಮ್ಯಾಲಿಂದ ಕೇಳಿತು.

"ಯಾರವಲೇ?" ಬಾಳಪ್ಪ ಒದರಿದ.

"ಮೀನಿನವು."

ಅಪ್ಪ "ಗರುಡ!" ಅಂತ ಕವಣಿ ಎತ್ತಿದ.

"ಕುರಿ ತುಪ್ಪಟ ಐತಿ. ಹಗ್ಗ ಐತಿ. ಇದೇನಿದು... ಕೂಸಿನ ಕುಂಚಗಿ ಐತಿ."

"ಗರುಡಗ ಕುಂಚಗಿ ಯಾಕ ಬೇಕು?" ಅಂದ ಬಾಳಪ್ಪ. ಅಪ್ಪನ ಕವಣಿ ಕೆಳಗಿಳೀತು.

ಆಮ್ಯಾಲೆ ಮ್ಯಾಲೆ ಸಪ್ಪಳಿಲ್ಲ. ಹುಡುಗ ಏನೋ ಮುದ್ದಿ ಮಾಡಿ ನಡಕ್ಕ ಸಿಗಿಸಿಕೊಳ್ಳೂದು ನನಗ ಎಲಿ ಸಂದ್ಯಾಗ ಕಾಣತಿತ್ತು.

"ಯಾಕಲೇ ಸುಮ್ಮಾದಿ? ಮತ್ತೇನೈತಿ?"

"ಏನಿಲ್ಲ ಮಾವಾ... ಬರೇ ಹರಕ ಅರಬಿ."

ಅಷ್ಟರಾಗ ಮನಿ ಮಾಲಕರು ಬಂದ್ರು ನೋಡ್ರಿ. ಇಷ್ಟ ದಿನ ಎಲ್ಲಿದ್ರೋ, ಅವತ್ತ ಬರಬೇಕಾ! ಹೊಳಿ ಕಡೆಯಿಂದ ಕಿರಿಚಿಕೋತ ಬಂದ ಹದ್ದು ನೆಟ್ಟಗ ಹುಡುಗನ ತಲೀಗೆ ಎರಗಿತು. ಅಂವ ಬಗ್ಗಿದ. ಹದ್ದು ಕಾಲಾಗ ಹೊಸಾ ಬಿಳಿ ರುಮಾಲು ಹಿಡಕೊಂಡು ಮ್ಯಾಲೆದ್ದಿತು. ರುಮಾಲು ಬಿಚ್ಚಿ, ಹಿಂದ ಉದ್ದಕ ಹಾರಾಕತ್ತಿತು. ಕೆಳಗ ನನ್ನ ಬಾಯಿ ನನ್ನ ಕೈಯಾಗ ಉಳಿಲಿಲ್ಲ.

"ಯವ್ವಾ, ಇವತ್ತೂ ಹೋತು!" ಅಂತ ಒದರಿ, ನಗಾಕ ಸುರು ಮಾಡಿದೆ. ಅದೇ ನಗಿ. ಹೊಟ್ಟಿ ಹಿಡಕೊಂಡು.

ಎಲ್ಲಾರೂ ಗಿಡಾ ಬಿಟ್ಟು ನನ್ನ ನೋಡಿದ್ರು. ಹುಡುಗನೂ ನೋಡಿದ. ನೋಡೂ ಅವಸರದಾಗ ನಡಾ ಸಡಿಲಾಗಿ, ಅಲ್ಲೆ ಸಿಗಿಸಿದ್ದ ಮುದ್ದಿ ಜಾರಿತು. ಟೊಂಗಿಯಿಂದ ಟೊಂಗಿಗೆ ಬಿಚಕೋತ, ಸಾವಕಾಶ, ಕೆಂಪು ರುಮಾಲು ಕೆಳಗ ಇಳದು ಬಾಳಪ್ಪನ ಕಾಲಾಗ ಬಿತ್ತು.

ಬಾಳಪ್ಪ ಬಗ್ಗಿ ಅಂಚು ತಿರುವಿ ನೋಡಿದ. "ಇದು ನಾ ಬನಹಟ್ಟಿಯಿಂದ ತಂದು ಕೊಟ್ಟ ರುಮಾಲು. ಹೊಳಿ ಪಾಲಾತು ಅಂದಿದ್ದಿಯಲ್ಲಲೇ?"

"ಹೊಳಿ ಮ್ಯಾಲಿಂದನ ಹೋತು ಮಾವಾ," ಅಂತ ಗಿಡದಾಗಿಂದ ಉತ್ತರ ಬಂತು.

"ಮತ್ತ ನೀ," ಬಾಳಪ್ಪ ನನ್ನ ಕಡೆ ಹೊಳ್ಳಿದ, "ಇವತ್ತೂ ಹೋತು ಅಂದಿ. ಮೊದಲ ಹೋದದ್ದನ್ನ ನೀ ನೋಡಿದ್ದ್ಯೇನು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡ್ಲು. ಅಪ್ಪ ನೆಲಾ ನೋಡಾಕತ್ತ. ಮುಗೀತು, ಎಲ್ಲಾ ಮುಗೀತು ಅಂದಕೊಂಡೆ. ಸಕ್ರಿ ಡಬ್ಬಿ ಕಣ್ಣ ಮುಂದ ಬಂತು.

ಕಟ್ಟಿ ಮ್ಯಾಲಿಂದ ಆಯಿ ಕೋಲೂರಿ ಇಳದು ಬಂದ್ಲು. "ಬಾಳಪ್ಪಾ, ಗರುಡ ಇದ್ರ ಹೂಂ ಅಂದಿ. ರಣಹದ್ದು ಇದ್ರ ಒಲ್ಲೆ ಅಂದಿ. ಹದ್ದು ಇದ್ರ ಏನಂದಿದ್ದಿ?"

ಬಾಳಪ್ಪ ತಲಿ ಕೆರಕೊಂಡ. ವಿಚಾರ ಮಾಡಿದ. "ಹದ್ದಿಗೆ... ನಮ್ಮ ಹಿರೇರು ಏನೂ ಹೇಳಿಲ್ಲಬೇ."

"ಆತಲ್ಲ. ಮ್ಯಾಲಿನವರು ಏನೂ ಹೇಳಿಲ್ಲಂದ ಮ್ಯಾಲೆ ಕೆಳಗ ನಿಂತಾಕಿಗೆ ಕೇಳು. ದೀಪಾವಳಿಯಿಂದ ಹಕ್ಕಿ ಮಾರಿ ನೋಡಿ ನೋಡಿ ಊರ ಮಂದಿ ಕುತಿಗಿ ಸೋತ್ವು. ಹುಡುಗಿ ಮಾರಿ ಒಬ್ಬರರೆ ನೋಡಿದ್ರೇನು?"

ಬಾಳಪ್ಪಗ ಇದು ಹೊಸಾದು. ನಮ್ಮಪ್ಪಗೂ ಹೊಸಾದು. ಬಾಳಪ್ಪ ಒಮ್ಮೆ ಕೆಮ್ಮಿ, ನನ್ನ ಕಡೆ ನೋಡದನ, "ಏನವಾ ತಂಗಿ, ನಿನ್ನ ಮನಸಿನ್ಯಾಗ ಏನೈತಿ?" ಅಂತ ಕೇಳಿದ.

ಖರೇ ಹೇಳತೇನಿ, ಅಲ್ಲೀ ತನಕ ನನಗ ಯಾರೂ ಹಂಗ ಕೇಳಿದ್ದಿಲ್ಲ. ಇನ್ನೊಂದ ರೊಟ್ಟಿ ಬೇಕೇನು ಅಂತ ಕೇಳತಿದ್ರು, ಅಷ್ಟ. ಎಲ್ಲಾರೂ ನನ್ನ ನೋಡಾಕತ್ತಾರ, ಗಿಡದಾಗ ಒಬ್ಬ ಬರಿದಲಿಲೆ ಕೂತು ನೋಡಾಕತ್ತಾನ. ನಾ ಹೋಗಿ, ಬಾಳಪ್ಪನ ಕೈಯಾಗಿನ ಕೆಂಪು ರುಮಾಲು ತಗೊಂಡೆ. ಮೀನ ನಾತ, ಹಿಕ್ಕಿ, ತುಪ್ಪಟ, ಏನೆಲ್ಲಾ ಮೆತ್ತಿತ್ತು. ನೆಟ್ಟಗ ಹೊಳಿಗೆ ಇಳದೆ. ಅದೇ ಕಲ್ಲಿನ ಮ್ಯಾಲೆ ಬಡದು ಬಡದು ಒಗದೆ. ದಂಡಿ ಮ್ಯಾಲೆ ಮಂದಿ ಸಾಲಾಗಿ ನಿಂತು ನೋಡತಿದ್ರು. ಒಬ್ಬಾಕಿ ಅರಬಿ ಒಗಿಯೂದನ್ನ ಊರ ಅಷ್ಟ ಮಂದಿ ನೋಡಿದ್ದು ಅದೇ ಮೊದಲು ಇರಬೇಕು. ಹಿಂಡಿ, ಝಾಡಿಸಿ, ಮ್ಯಾಲೆ ಬಂದು ಬಾಳಪ್ಪನ ಕೈಯಾಗ ಇಟ್ಟೆ.

"ಇನ್ನ ಮ್ಯಾಲೆ ಕಲ್ಲಿನ ಮ್ಯಾಲೆ ಬಿಚ್ಚಿ ಇಡಬ್ಯಾಡ ಅಂತ ಹೇಳ್ರಿ, ಮಾವಾ" ಅಂದೆ.

ಅಲ್ಲೀ ತನಕ ಅವನಿಗೆ ನಾನು ಹಿರೇರ ಅಂತಿದ್ದೆ. ರಕ್ತ ಸಂಬಂಧ ಇಲ್ಲದಾವರ ಪೈಕಿ ಗಂಡನ ಕಡೆ ಹಿರೇರನ್ನಷ್ಟ ಮಾವಾ ಅನ್ನೂದು. ಬಾಳಪ್ಪ ಅದನ್ನ ಕೇಳಿ ಹಸಿ ರುಮಾಲು ಹೆಗಲಿಗೆ ಹಾಕ್ಕೊಂಡ. ಆಮ್ಯಾಲೆ ಕಿಸೆಯಿಂದ ಬೀರಪ್ಪನ ಭಂಡಾರದ ಪುಡಿಕಿ ತಗದು, ನನ್ನ ಹಣಿಗೆ ತುಂಬ ಹಚ್ಚಿದ. ಮೂಗಿನ ಮ್ಯಾಲೂ ಬಿತ್ತು. "ಸಕ್ರಿ ತರ್ರಿ" ಅಂತ ಒದರಿದ. ಅವ್ವ ಓಡಿ ಹೋಗಿ ಡಬ್ಬಿ ತಂದ್ರ ಒಳಗ ಇರುವಿ ತುಂಬಿದ್ವು. ಆಯಿ "ಅವೂ ನಮ್ಮ ಕಡೆಯವ, ತಿನ್ರಿ" ಅಂದ್ಲು. ಇರುವಿ ಊದಿ ಊದಿ ಎಲ್ಲಾರೂ ಸಕ್ರಿ ತಿಂದ್ರು. ಎಲ್ಲಾ ಮುಗದ ಮ್ಯಾಲೆ ಮಾಸ್ತರು ಗಿಡದ ಕಡೆ ಕೈ ಮಾಡಿ, "ಆ ಹುಡುಗನ್ನ ಯಾರರೆ ಇಳಸ್ರಿ" ಅಂದ್ರು.

ಬಿಳಿ ರುಮಾಲು ಮಾತ್ರ ಇಳಿಲಿಲ್ಲ. ನಾ ಗಂಡನ ಮನಿಗೆ ಹೋಗೂಮುಂದ ಹೊಳ್ಳಿ ನೋಡಿದೆ. ಅದರ ಒಂದು ಸೆರಗು ಗೂಡಿನಿಂದ ಹೊರಗ ಜೋತಾಡಾಕತ್ತಿತ್ತು.

ಮೊನ್ನೆ ಬೀಳಗಿಗೆ ಹೋಗೂ ಬಸ್ಸಿನ್ಯಾಗ ಕೂತಿದ್ವಿ. ಹೊಳಿ ದಾಟಿ, ಎತ್ತರದ ಗಿಡದಾಗ ಒಂದು ದೊಡ್ಡ ಗೂಡು ಕಂಡಿತು. "ನೋಡ್ರಿ, ಅಲ್ಲೊಂದು" ಅಂದೆ. ಬಾಜೂಕ ಕೂತ ಮುದುಕರು ಗಿಡಾ ನೋಡಲಿಲ್ಲ. ಮೊದಲ ಎರಡೂ ಕೈಲೆ ತಲಿ ಮ್ಯಾಲಿನ ರುಮಾಲು ಗಟ್ಟಿ ಹಿಡಕೊಂಡ್ರು.

"ಯಾರದು?" ಅಂತ ಆಮ್ಯಾಲೆ ಕೇಳಿದ್ರು.

"ನಮ್ಮ ಬೀಗರದು," ಅಂದೆ.